ಗುಟ್ಟನ್ನು ಮಧ್ಯದಲ್ಲೇ ಬಿಟ್ಟುಕೊಟ್ಟೆವು: ಒಂದು ಪೊಲೀಸ್ ಸ್ಕ್ರಿಪ್ಟ್ ರಿಪೇರಿಯಾದ ಬಗೆ

ಮೊದಲು ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾವುದೂ ತಲೆಗೆ ಹೋಗುವುದಿಲ್ಲ.

2005ರ ಮುಂಬಯಿ. ಪಶ್ಚಿಮ ಉಪನಗರದ ಒಂದು ಠಾಣೆ. ಕುಂದಾಪುರ ಕಡೆಯ ಡಾನ್ಸ್ ಬಾರ್ ಮ್ಯಾನೇಜರ್ ಒಬ್ಬ ರೈಲು ಹಳಿ ಪಕ್ಕ ಸತ್ತು ಬಿದ್ದಿದ್ದಾನೆ. ಹಳಿ ದಾಟುವಾಗ ಲೋಕಲ್ ಬಡಿದಿದೆ ಅಂತ ಎಲ್ಲರೂ ಮುಗಿಸಿಬಿಡುತ್ತಾರೆ. ಠಾಣೆಗೆ ಹೊಸದಾಗಿ ಬಂದ ಪಿಎಸ್‌ಐ ಒಬ್ಬನಿಗೆ ಮಾತ್ರ ಅನುಮಾನ. ಅವನ ಅಪ್ಪ ಮರಾಠಿ, ಅಮ್ಮ ವಿಜಯಪುರದ ಕಡೆಯವಳು. ಸತ್ತವನ ಖೋಲಿಯಲ್ಲಿ ದೇವರ ಪಟದ ಹಿಂದೆ ಕೆಂಪು ರಟ್ಟಿನ ಸಣ್ಣ ಪುಸ್ತಕ ಸಿಗುತ್ತದೆ. ಯಾರಿಗೆ ಯಾವ ತಿಂಗಳು ಎಷ್ಟು ಹಫ್ತಾ (ಪೊಲೀಸರಿಗೆ ಕೊಡುವ ಮಾಮೂಲು) ಹೋಗಿದೆ ಅನ್ನುವ ಲೆಕ್ಕ ಅದರಲ್ಲಿದೆ. ಬರೆದಿರುವುದು ಕನ್ನಡದಲ್ಲಿ. ಇಡೀ ಠಾಣೆಯಲ್ಲಿ ಅದನ್ನು ಓದಬಲ್ಲವನು ಈ ಹುಡುಗ ಒಬ್ಬನೇ.

ಎಷ್ಟು ಚೆನ್ನಾಗಿದೆ ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು. ಇದನ್ನು ಬರೆದವನು ನನ್ನ ಗೆಳೆಯ. ಹಗಲು ಠಾಣೆಯಲ್ಲಿ (ಪೊಲೀಸ್ ಠಾಣೆ ಅಲ್ಲ, ಥಾಣೆ ಊರಿನಲ್ಲಿ) ಬ್ಯಾಂಕ್ ಕೆಲಸ, ರಾತ್ರಿ ಬರವಣಿಗೆ. ಹದಿನಾಲ್ಕು ತಿಂಗಳು ಕೂತು 118 ಪುಟ, 62 ದೃಶ್ಯ ಬರೆದಿದ್ದ. ಅದನ್ನು ಓದಲು ಡೊಂಬಿವಲಿಯಲ್ಲಿ ಅವನ ಮನೆಯಲ್ಲಿ ಒಂದು ಭಾನುವಾರ ಆರು ಜನ ಸೇರಿದೆವು. ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು) ಇದ್ದ ದಿನ, ಇಬ್ಬರು ಒಂದೂವರೆ ಗಂಟೆ ತಡವಾಗಿ ಬಂದರು. ಬಂದವರೆಲ್ಲ ಕನ್ನಡದವರೇ. ಆದರೆ ಸಿನಿಮಾ ಬಲ್ಲವರು ಅಂದರೆ ನಾನೂ ಇನ್ನೊಬ್ಬನೂ ಮಾತ್ರ. ಒಬ್ಬರು 22 ವರ್ಷ ಬಾರ್‌ಗಳಲ್ಲಿ ಕ್ಯಾಷಿಯರ್ ಆಗಿದ್ದವರು. ಈ ಬರಹದ ನಿಜವಾದ ನಾಯಕ ಅವರೇ.

ಓದು ಶುರುವಾಯಿತು. ಮೊದಲ ಇಪ್ಪತ್ತು ಪುಟ ಎಲ್ಲರೂ ಬಾಗಿ ಕೂತಿದ್ದರು. ಮೂವತ್ತನೇ ಪುಟಕ್ಕೆ ಒಬ್ಬಳು ಫೋನ್ ನೋಡಿದಳು. ಅರವತ್ತನೇ ಪುಟಕ್ಕೆ ನಾನೇ ಕಿಟಕಿ ಕಡೆ ನೋಡುತ್ತಿದ್ದೆ. 104ನೇ ಪುಟದಲ್ಲಿ ದೊಡ್ಡ ತಿರುವು ಬಂತು. ನಾಯಕನನ್ನು ಮಗನ ಹಾಗೆ ನೋಡಿಕೊಂಡ ಸೀನಿಯರ್ ಪಿಐ, ಅಂದರೆ ಠಾಣೆಯ ಮುಖ್ಯಸ್ಥನೇ ಹಫ್ತಾ ಜಾಲದ ತಲೆ. ಕೊಲೆ ಮಾಡಿದವನೂ ಅವನೇ. ಯಾರೂ ಬೆಚ್ಚಲಿಲ್ಲ. ಆಮೇಲೆ ಜುಲೈ 26ರ ಮಳೆ, ಪುಸ್ತಕ ನೀರಿನಲ್ಲಿ ಕೊಚ್ಚಿಹೋಯಿತು, ಮುಳುಗಿದ ರಸ್ತೆಯಲ್ಲಿ ಗುಂಡಿನ ಕಾಳಗ, ಸೀನಿಯರ್ ಸತ್ತ, ಮುಗಿಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕ್ಯಾಷಿಯರ್ ಕೇಳಿದರು: "ಆ ಸೀನಿಯರ್ ಸಾಹೇಬ್ರೇ ಅಂತ ಗೊತ್ತಾಗೋಕೆ ನೂರು ಪುಟ ಬೇಕಿತ್ತಾ?"

ಗೆಳೆಯನ ಮುಖ ಇಳಿಯಿತು. ನಿಮಗೆ ಯಾವಾಗ ಗೊತ್ತಾಯಿತು ಅಂತ ಕೇಳಿದ. "ಅವರು ಇವನಿಗೆ ಮೊದಲನೇ ಸಲ ಚಾ ಕುಡಿಸಿದಾಗ," ಅಂದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಅಲ್ಲೇ ಬರೆದಿಟ್ಟುಕೊಂಡೆ: "ಹಫ್ತಾ ಕೊಡೋನಿಗೆ ಮೇಲೆ ಯಾರಿದ್ದಾರೆ ಅಂತ ಮೊದಲಿಂದ್ಲೂ ಗೊತ್ತಿರುತ್ತೆ. ಗೊತ್ತಿಲ್ಲದೇ ಇರೋದು ಒಂದೇ, ಮುಂದಿನ ತಿಂಗಳು ಎಷ್ಟು ಕೇಳ್ತಾರೆ ಅಂತ."

ನಮ್ಮ ತಪ್ಪು ಪೂರ್ತಿ ಆ ಮಾತಿನಲ್ಲಿತ್ತು. ಈ ಲೋಕದಲ್ಲಿ ಗುಟ್ಟು ಅಂತ ಯಾವುದನ್ನು ನಾವು ಬಚ್ಚಿಟ್ಟಿದ್ದೆವೋ ಅದು ಗುಟ್ಟೇ ಅಲ್ಲ. ಬಾರ್ ಮಾಲೀಕನಿಗೆ ಗೊತ್ತು, ಅಡಿಗೆಯವನಿಗೆ ಗೊತ್ತು, ಜೀಪ್ ಡ್ರೈವರ್‌ಗೆ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ನೋಡುವವನಿಂದ ಮಾತ್ರ ನೂರು ಪುಟ ಮುಚ್ಚಿಟ್ಟರೆ ಅವನಿಗೆ ಮೋಸ ಮಾಡಿದ ಹಾಗಾಗುತ್ತದೆ, ರೋಚಕತೆ ಹುಟ್ಟುವುದಿಲ್ಲ.

ಮುಂಬಯಿಯಲ್ಲೇ ಇದಕ್ಕೆ ಹಳೆಯ ಉದಾಹರಣೆ ಇದೆ. 1983ರಲ್ಲಿ ಗೋವಿಂದ ನಿಹಲಾನಿ ಮಾಡಿದ 'ಅರ್ಧ ಸತ್ಯ'. ವಿಜಯ್ ತೆಂಡೂಲ್ಕರ್ ಬರೆದ ಚಿತ್ರಕಥೆ. ಸದಾಶಿವ ಅಮ್ರಾಪುರ್ಕರ್ ಮಾಡಿದ ರಾಮಾ ಶೆಟ್ಟಿ ಕೆಟ್ಟವನು ಅಂತ ನಮಗೆ ಬೇಗನೇ ಗೊತ್ತು, ಓಂ ಪುರಿ ಮಾಡಿದ ಸಬ್ ಇನ್‌ಸ್ಪೆಕ್ಟರ್ ವೇಲಣಕರ್‌ಗೂ ಗೊತ್ತು. ಇಡೀ ಊರಿಗೆ ಗೊತ್ತು. ಅಲ್ಲಿ ನಮ್ಮನ್ನು ಹಿಡಿದು ಕೂರಿಸುವುದು ಯಾರು ಕಳ್ಳ ಅನ್ನುವುದಲ್ಲ. ಗೊತ್ತಿದ್ದೂ ಇವನು ಏನೂ ಮಾಡಲಾರ, ಆ ಸಿಟ್ಟು ಎಲ್ಲಿ ಹೋಗಿ ಬೀಳುತ್ತದೆ ಅನ್ನುವ ಭಯ. ಅದು ಲಾಕಪ್‌ನಲ್ಲಿದ್ದ ಒಬ್ಬ ಬಡಪಾಯಿ ಕಳ್ಳನ ಮೇಲೆ ಬೀಳುತ್ತದೆ, ಅವನು ಸಾಯುತ್ತಾನೆ, ಕಾಪಾಡಿಕೊಳ್ಳಲು ವೇಲಣಕರ್ ಕೊನೆಗೆ ಅದೇ ರಾಮಾ ಶೆಟ್ಟಿಯ ಬಾಗಿಲಿಗೆ ಹೋಗಬೇಕಾಗುತ್ತದೆ. ಒಂದೂ ಗುಟ್ಟಿಲ್ಲ, ಆದರೂ ಕುತ್ತಿಗೆ ಬಿಗಿಯುತ್ತಲೇ ಹೋಗುತ್ತದೆ.

ಮುಂದಿನ ಭಾನುವಾರ ನೆಲದ ಮೇಲೆ 62 ಚೀಟಿ ಹರಡಿದೆವು. ಪ್ರತಿ ಚೀಟಿಯ ಕೆಳಗೆ ಮೂರು ಗೆರೆ ಎಳೆದೆ. ಈ ದೃಶ್ಯ ಮುಗಿದಾಗ ನೋಡುವವನಿಗೆ ಏನು ಗೊತ್ತು, ನಾಯಕನಿಗೆ ಏನು ಗೊತ್ತು, ಸೀನಿಯರ್‌ಗೆ ಏನು ಗೊತ್ತು. ಅಷ್ಟೇ. ನಾಲ್ಕು ಗಂಟೆ ಹಿಡಿಯಿತು. ಒಂಬತ್ತನೇ ದೃಶ್ಯದಿಂದ 56ನೇ ದೃಶ್ಯದವರೆಗೆ ಮೊದಲ ಗೆರೆಯೂ ಎರಡನೇ ಗೆರೆಯೂ ಅಕ್ಷರಕ್ಕೆ ಅಕ್ಷರ ಒಂದೇ. ನಾಯಕನಿಗೆ ಗೊತ್ತಾದದ್ದು ನಮಗೆ ಗೊತ್ತಾಗುತ್ತಿತ್ತು, ಅವನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ನಾವು ಅವನ ಹೆಗಲ ಮೇಲೆ ಕೂತ ಮೂಟೆ. ಅವನಿಗಾಗಿ ಹೆದರಲು ನಮಗೆ ಜಾಗವೇ ಇರಲಿಲ್ಲ.

ಆಗ 'ಎಲ್.ಎ. ಕಾನ್ಫಿಡೆನ್ಶಿಯಲ್' ಹಾಕಿ ನೋಡಿದೆವು. 1997ರ ಚಿತ್ರ, ಕರ್ಟಿಸ್ ಹ್ಯಾನ್ಸನ್ ನಿರ್ದೇಶನ, ಜೇಮ್ಸ್ ಎಲ್‌ರಾಯ್ ಕಾದಂಬರಿಯಿಂದ ಹ್ಯಾನ್ಸನ್ ಮತ್ತು ಬ್ರಯಾನ್ ಹೆಲ್ಗೆಲ್ಯಾಂಡ್ ಸೇರಿ ಬರೆದ ಚಿತ್ರಕಥೆಗೆ ಆಸ್ಕರ್ ಬಂತು. ನೋಡಿಲ್ಲದವರು ಇಲ್ಲಿಂದ ಎರಡು ಪ್ಯಾರಾ ಬಿಟ್ಟು ಓದಿ, ಯಾಕೆಂದರೆ ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ.

ಅದರಲ್ಲೂ ಅಕ್ಕರೆಯಿಂದ ಮಾತಾಡುವ ಹಿರಿಯ ಅಧಿಕಾರಿ ಇದ್ದಾನೆ, ಕ್ಯಾಪ್ಟನ್ ಡಡ್ಲಿ ಸ್ಮಿತ್. ಅಲ್ಲೂ ಅವನೇ ತಲೆ. ನಮ್ಮ ಸ್ಕ್ರಿಪ್ಟಿನ ಹಾಗೇ. ಆದರೆ ಅದನ್ನು ಕೊನೆಗೆ ಇಟ್ಟಿಲ್ಲ. ಸುಮಾರು ಮೂರನೇ ಎರಡು ಭಾಗ ಮುಗಿದಾಗ ಜ್ಯಾಕ್ ವಿನ್‌ಸೆನ್ಸ್ ಅನ್ನುವ ಪೊಲೀಸ್ ರಾತ್ರಿ ಡಡ್ಲಿಯ ಮನೆಗೆ ಹೋಗಿ ತನಿಖೆಯ ವಿಷಯ ಮಾತಾಡುತ್ತಾನೆ. ಡಡ್ಲಿ ಅಡಿಗೆ ಮನೆಯಲ್ಲಿ ನಿಂತುಕೊಂಡೇ ಅವನ ಎದೆಗೆ ಗುಂಡು ಹೊಡೆಯುತ್ತಾನೆ. ಆ ಕ್ಷಣದಿಂದ ನಮಗೆ ಗೊತ್ತು, ಉಳಿದ ಇಬ್ಬರು ಪೊಲೀಸರಿಗೆ, ಎಡ್ ಎಕ್ಸ್‌ಲಿಗೂ ಬಡ್ ವೈಟ್‌ಗೂ ಗೊತ್ತಿಲ್ಲ. ಸಾಯುವಾಗ ಜ್ಯಾಕ್ ಒಂದೇ ಹೆಸರು ಹೇಳುತ್ತಾನೆ: ರೋಲೋ ಟೊಮಾಸಿ. ಅಂಥ ಮನುಷ್ಯ ಎಲ್ಲೂ ಇಲ್ಲ. ತನ್ನ ಅಪ್ಪನನ್ನು ಕೊಂದು ತಪ್ಪಿಸಿಕೊಂಡ ಅನಾಮಿಕ ಕಳ್ಳನಿಗೆ ಎಕ್ಸ್‌ಲಿ ತಾನೇ ಇಟ್ಟ ಹೆಸರು ಅದು. ಅದನ್ನು ಅವನು ಜ್ಯಾಕ್‌ಗೆ ಮಾತ್ರ ಹೇಳಿದ್ದ. ಆಮೇಲೆ ಡಡ್ಲಿ ಎಕ್ಸ್‌ಲಿ ಹತ್ತಿರ ಬಂದು, ಈ ರೋಲೋ ಟೊಮಾಸಿ ಯಾರು ಗೊತ್ತಾ ಅಂತ ಸಹಜವಾಗಿ ಕೇಳುತ್ತಾನೆ. ಎಕ್ಸ್‌ಲಿಯ ಮುಖ ಬದಲಾಗುವ ಆ ಎರಡು ಸೆಕೆಂಡಿಗೆ ನಮ್ಮ ಕೋಣೆಯಲ್ಲಿ ಉಸಿರು ನಿಂತಿತ್ತು. ನಮಗೆ ಹೊಸದಾಗಿ ಏನೂ ಗೊತ್ತಾಗಲಿಲ್ಲ ನೋಡಿ. ಅವನಿಗೆ ಗೊತ್ತಾಯಿತು, ಅದನ್ನು ನಾವು ನೋಡಿದೆವು.

ಇನ್ನೊಂದು ವಿಷಯ. ಈ ರೋಲೋ ಟೊಮಾಸಿ ಮೂಲ ಕಾದಂಬರಿಯಲ್ಲಿ ಇಲ್ಲ, ಚಿತ್ರಕಥೆ ಬರೆದವರು ಸೇರಿಸಿದ್ದು. ಕಾದಂಬರಿ 1950ರ ದಶಕದ ಹಲವು ವರ್ಷಗಳಲ್ಲಿ ಹರಡಿದೆ, ಪಾತ್ರಗಳ ಜಾತ್ರೆಯೇ ಇದೆ. ಅದನ್ನು 138 ನಿಮಿಷಕ್ಕೆ ಇಳಿಸುವಾಗ ಸುಮ್ನೆ ಕತ್ತರಿಸಿದರೆ ಸಾಲದು, ಮೂರು ಪೊಲೀಸರ ಮೂರು ಎಳೆಗಳನ್ನು ಹೊಲಿಯುವ ಒಂದು ಸೂಜಿ ಬೇಕಿತ್ತು. ಆ ಹೆಸರೇ ಸೂಜಿ.

ಗೆಳೆಯನಿಗೆ ಒಂದು ಹೆದರಿಕೆ ಇತ್ತು. ಹದಿನಾಲ್ಕು ತಿಂಗಳ ಕೆಲಸ ಬಿಸಾಕಬೇಕಾ? ದೃಶ್ಯಗಳ ಜಾಗ ಬದಲಾಯಿಸಿದರೆ ಸಾಲದಾ? ಅದಕ್ಕೆ ನಾನು ಆರ್ಸನ್ ವೆಲ್ಸ್ ವಿಷಯ ಹೇಳಿದೆ. ಪೊಲೀಸ್ ಭ್ರಷ್ಟಾಚಾರದ ಮೇಲೆ ಅವನು ಮಾಡಿದ 'ಟಚ್ ಆಫ್ ಈವಿಲ್' 1958ರಲ್ಲಿ ಬಂತು. ಸ್ಟುಡಿಯೋದವರು ಅವನ ಕೈಯಿಂದ ಕಿತ್ತುಕೊಂಡು ಬೇರೆ ಥರ ಜೋಡಿಸಿದ್ದರು. ಅದನ್ನು ನೋಡಿ ಅವನು 58 ಪುಟದ ಟಿಪ್ಪಣಿ ಬರೆದ. ಗಂಡ ಒಂದು ಕಡೆ ತನಿಖೆಯಲ್ಲಿದ್ದಾನೆ, ಹೆಂಡತಿ ಇನ್ನೊಂದು ಕಡೆ ಅಪಾಯದಲ್ಲಿದ್ದಾಳೆ, ಆ ಎರಡು ಎಳೆಗಳ ನಡುವೆ ಆಗಾಗ ಹೋಗಿಬರಬೇಕು ಅನ್ನುವುದು ಅದರಲ್ಲಿ ಅವನ ಮುಖ್ಯ ಬೇಡಿಕೆಗಳಲ್ಲಿ ಒಂದು. ನಲವತ್ತು ವರ್ಷದ ನಂತರ, 1998ರಲ್ಲಿ, ಎಡಿಟರ್ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಚಿತ್ರವನ್ನು ಮತ್ತೆ ಜೋಡಿಸಿದ. ಹೊಸದಾಗಿ ಒಂದು ಶಾಟ್ ತೆಗೆಯುವ ಹಾಗಿರಲಿಲ್ಲ, ವೆಲ್ಸ್ 1985ರಲ್ಲೇ ತೀರಿಕೊಂಡಿದ್ದ. ಆದರೂ ಚಿತ್ರ ಬೇರೆಯಾಯಿತು. ಕ್ರಮ ಅಂದರೆ ಅಷ್ಟು ದೊಡ್ಡದು.

ಸರಿ, ಕ್ರಮ ಬದಲಾಯಿಸಿದೆವು. 57ನೇ ದೃಶ್ಯದಲ್ಲಿದ್ದ ಗುಟ್ಟನ್ನು 31ಕ್ಕೆ ತಂದೆವು. ಹೇಗೆ ಅಂದರೆ, ಮೂರನೇ ದೃಶ್ಯದಲ್ಲೇ ಮ್ಯಾನೇಜರ್ ಆ ಕೆಂಪು ಪುಸ್ತಕದಲ್ಲಿ ಬರೆದು ಪಟದ ಹಿಂದೆ ಇಡುವುದನ್ನು ನಾವು ನೋಡಿರುತ್ತೇವೆ. 24ರಲ್ಲಿ ನಾಯಕನಿಗೆ ಅದು ಸಿಗುತ್ತದೆ. ಅವನು ಯಾರಿಗೂ ಹೇಳುವುದಿಲ್ಲ. 31ರಲ್ಲಿ ಸೀನಿಯರ್ ಒಬ್ಬನೇ ಆ ಬಾರಿನ ಅಡಿಗೆ ಮನೆಗೆ ಹೋಗಿ ನೀರುದೋಸೆ ತಿನ್ನುತ್ತಾ ಅಡಿಗೆಯವನನ್ನು ಮೆಲ್ಲಗೆ ಕೇಳುತ್ತಾನೆ: ಆ ಕೆಂಪು ಪುಸ್ತಕ ಎಲ್ಲಿ ಇಡ್ತಿದ್ದ ಅವನು? ಪುಸ್ತಕ ಇದೆ ಅನ್ನುವುದೇ ಅವನಿಗೆ ಗೊತ್ತಿರಬಾರದಿತ್ತು. ಮುಗಿಯಿತು, ನಮಗೆ ಗೊತ್ತಾಯಿತು. ಬಾಗಿಲಲ್ಲಿ ಜೀಪ್ ಡ್ರೈವರ್ ನಿಂತಿದ್ದಾನೆ, ಅವನಿಗೂ ಗೊತ್ತು. ನಾಯಕ ಅಲ್ಲಿಲ್ಲ.

34ನೇ ದೃಶ್ಯ ಮೊದಲ ಕರಡಿನಲ್ಲೂ ಇತ್ತು, ಒಂದು ಅಕ್ಷರ ಬದಲಾಗಿಲ್ಲ. ಪುಸ್ತಕದ ಭಾರ ಒಬ್ಬನೇ ಹೊರಲಾರದೆ ನಾಯಕ ಅದನ್ನು ತನ್ನ ಸೀನಿಯರ್ ಹತ್ತಿರವೇ ತರುತ್ತಾನೆ. ಇದು ಕನ್ನಡದಲ್ಲಿದೆ ಸರ್, ನಾನು ಓದಿ ಹೇಳ್ತೀನಿ ಅನ್ನುತ್ತಾನೆ. ಮೊದಲು ಇದು ಚಾ ಕುಡಿಯುವ ದೃಶ್ಯವಾಗಿತ್ತು. ಈಗ ಓದಿದರೆ ಕೈ ತಣ್ಣಗಾಗುತ್ತದೆ. ದಿನಕ್ಕೆ ಎರಡು ಪುಟ ಕನ್ನಡದಿಂದ ಮರಾಠಿಗೆ ಮಾಡಿ ಕೊಡುತ್ತಾನೆ. ಅವನು ಪ್ರೀತಿಯಿಂದ ಅನುವಾದ ಮಾಡಿದ ಒಂದೊಂದು ಹೆಸರೂ ಒಬ್ಬ ಸಾಕ್ಷಿಯ ಹೆಸರು, ಮತ್ತು ಅದನ್ನು ಕೇಳಿಸಿಕೊಳ್ಳುತ್ತಿರುವವನು ಕೊಲೆಗಾರ.

ಇಷ್ಟಾದರೂ ನಾಯಕ ಜಾಸ್ತಿ ಶುದ್ಧವಾಗಿದ್ದ. ಹಾಲಿನ ಹಾಗೆ. ಅಂಥವನು ಈ ಬಗೆಯ ಕಥೆಯಲ್ಲಿ ಒಳಗೆ ಬರುವುದೇ ಇಲ್ಲ, ಬಾಗಿಲಲ್ಲಿ ನಿಂತು ಎಲ್ಲರನ್ನೂ ಬೈಯುತ್ತಿರುತ್ತಾನೆ. ಇಲ್ಲಿ ಎರಡು ಬದಲಾವಣೆ ಬಂದವು. ಒಂದು ನನ್ನದು, ಇನ್ನೊಂದು ಕ್ಯಾಷಿಯರ್‌ದು, ಅವರದೇ ದೊಡ್ಡದು.

ನನ್ನದು ಸ್ಟೇಷನ್ ಡೈರಿ, ಅಂದರೆ ಠಾಣೆಯಲ್ಲಿ ಯಾರು ಯಾವಾಗ ಬಂದರು ಹೋದರು ಅಂತ ಬರೆದಿಡುವ ಪುಸ್ತಕ. ಆರನೇ ದೃಶ್ಯದಲ್ಲಿ ಸೀನಿಯರ್ ರಾತ್ರಿ ಹತ್ತು ಐವತ್ತಕ್ಕೆ ಠಾಣೆಗೆ ವಾಪಸ್ ಬರುತ್ತಾನೆ. ಮಗಳ ಶಾಲೆಯ ಕಾರ್ಯಕ್ರಮ ಇತ್ತು, ಹತ್ತು ಹತ್ತಕ್ಕೇ ಬಂದೆ ಅಂತ ಬರೆದುಬಿಡು ಅನ್ನುತ್ತಾನೆ. ಹೊಸ ಹುಡುಗ ನಗುತ್ತಾ ಬರೆಯುತ್ತಾನೆ. ನಲವತ್ತು ನಿಮಿಷದ ಸುಳ್ಳು. ನೋಡುವವನೂ ಅದನ್ನು ಮರೆಯುತ್ತಾನೆ, ಯಾಕೆಂದರೆ ಆಗಿನ್ನೂ ಹೆಣ ಸಿಕ್ಕಿಲ್ಲ. ಕೊಲೆ ನಡೆದದ್ದು ಆ ನಲವತ್ತು ನಿಮಿಷದಲ್ಲಿ.

ಕ್ಯಾಷಿಯರ್ ಹೇಳಿದ್ದು ಇದು: "ತಗೊಳ್ಳದೇ ಇರೋ ಸಾಹೇಬ್ರ ಹೆಸರಲ್ಲೂ ಕಲೆಕ್ಷನ್ ಆಗುತ್ತೆ. ಪಾಪ, ಅವರಿಗೇ ಗೊತ್ತಿರಲ್ಲ." ಎಲ್ಲರೂ ಅವರ ಮುಖವನ್ನೇ ನೋಡಿದೆವು. ಗೆಳೆಯ ತಕ್ಷಣ ಎದ್ದು ಚೀಟಿ ಬರೆದ. 43ನೇ ದೃಶ್ಯ: ಪುಸ್ತಕದಲ್ಲಿ ತಿಂಗಳು ತಿಂಗಳೂ 'ಹೊಸ ಸಾಹೇಬ್ರು' ಅನ್ನುವ ಸಾಲು ಬರುತ್ತದೆ, ಪಕ್ಕದಲ್ಲಿ 2,000. ಅದು ತಾನೇ ಅಂತ ನಾಯಕನಿಗೆ ಹೊಳೆಯುತ್ತದೆ. ಒಂದು ರೂಪಾಯಿ ಮುಟ್ಟದವನು. ತನ್ನ ಹೆಸರಿನ ದುಡ್ಡು ತೆಗೆದುಕೊಳ್ಳಬಲ್ಲವನು ಠಾಣೆಯಲ್ಲಿ ಒಬ್ಬನೇ ಇದ್ದಾನೆ, ಅವನಿಗೇ ತಾನು ದಿನಾ ಪುಟ ಓದಿ ಹೇಳುತ್ತಿದ್ದೇನೆ. ನಮ್ಮ ರೋಲೋ ಟೊಮಾಸಿ ಸಿಕ್ಕಿದ್ದು ಹಾಗೆ, ಒಂದು ಸಾಲಿನ ಲೆಕ್ಕದಲ್ಲಿ.

ಇನ್ನು ಮಳೆ. ಜುಲೈ 26, 2005. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಆ ದಿನ ಇಲ್ಲಿದ್ದವರು ಯಾರೂ ಮರೆತಿಲ್ಲ. ಮೊದಲ ಕರಡಿನಲ್ಲಿ ಮಳೆ ಕೊನೆಗೆ ಬಂದು ಪುಸ್ತಕವನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಅಂದರೆ ಪುಸ್ತಕ ಕೋರ್ಟಿಗೆ ಹೋದರೆ ಏನಾಗುತ್ತದೆ ಅನ್ನುವ ಕಷ್ಟದ ಪ್ರಶ್ನೆಯಿಂದ ಬರೆಯುವವನು ತಪ್ಪಿಸಿಕೊಳ್ಳುತ್ತಿದ್ದ. ಇದರ ಬಗ್ಗೆ ನಮಗೆ ಜಗಳವೇ ಆಯಿತು. ಮಳೆಯನ್ನೇ ತೆಗೆದುಬಿಡು ಅಂದೆ ನಾನು. ಅವನು ಒಪ್ಪಲಿಲ್ಲ, ಆ ರಾತ್ರಿ ಅವನು ಕುರ್ಲಾದಿಂದ ನಡೆದುಕೊಂಡು ಮನೆಗೆ ಬಂದವನು. ಅವನು ಹಟ ಹಿಡಿದದ್ದೇ ಒಳ್ಳೆಯದಾಯಿತು. ಮಳೆಯನ್ನು 45ನೇ ದೃಶ್ಯಕ್ಕೆ ತಂದೆವು. ಪುಸ್ತಕ ಕೊಚ್ಚಿಹೋಗುವುದಿಲ್ಲ, ನೆನೆಯುತ್ತದೆ. ಶಾಯಿ ಹರಡಿ ಅರ್ಧ ಪುಟಗಳು ನೀಲಿ ಕಲೆ.

ಇದರಿಂದ ಏನೇನಾಯಿತು ನೋಡಿ. ನಾಯಕ ಈಗ ಸುಳ್ಳು ಅನುವಾದ ಮಾಡಬಹುದು. ಅಳಿಸಿದ ಪುಟದಲ್ಲಿ ಅಡಿಗೆಯವನ ಹೆಸರಿತ್ತು, ಇವನು ಊರು ಬಿಟ್ಟು ಹೋದ ಯಾರದೋ ಹೆಸರು ಓದುತ್ತಾನೆ. ಆದರೆ ಅಳಿಸದ ಪುಟದಲ್ಲಿ ಸುಳ್ಳು ಹೇಳುವ ಹಾಗಿಲ್ಲ, ಯಾಕೆಂದರೆ ಸೀನಿಯರ್‌ಗೆ ಅನುಮಾನ ಬಂದು ಒಂದು ದಿನ ಬೇರೆ ಹೋಟೆಲಿನ ಕನ್ನಡದ ಹುಡುಗನೊಬ್ಬನನ್ನು ಕರೆಸಿ ಕೂರಿಸಿರುತ್ತಾನೆ. ಇಬ್ಬರೂ ಒಂದೇ ಪುಟ ಓದಬೇಕು. ಹುಡುಗ ನಾಯಕನ ಮುಖ ನೋಡುತ್ತಾನೆ, ಪುಟ ನೋಡುತ್ತಾನೆ, ಮತ್ತೆ ಮುಖ ನೋಡುತ್ತಾನೆ. ಮಾತೇ ಇಲ್ಲದ ಆ ದೃಶ್ಯವನ್ನು ನಾಲ್ಕು ಸಲ ತಿದ್ದಿದೆವು. ಸಬ್‌ಟೈಟಲ್ ಓದುವ ಜನಕ್ಕೆ ಸೀನಿಯರ್ ಕಿವಿಗೆ ಬೀಳುವುದೂ ಪುಸ್ತಕದಲ್ಲಿ ಇರುವುದೂ ಬೇರೆ ಬೇರೆ ಅಂತ ಗೊತ್ತಾಗಬೇಕು. ಕನ್ನಡ ಬಲ್ಲವರಿಗೆ ಪರದೆಯ ಮೇಲಿನ ಅಕ್ಷರವೇ ಸಾಕು.

ಎರಡನೆಯದು ಇನ್ನೂ ಮುಖ್ಯ. ಪುಸ್ತಕ ಹಾಳಾದ ಮೇಲೆ ಸೀನಿಯರ್ ವಿರುದ್ಧ ಉಳಿಯುವ ಗಟ್ಟಿ ಸಾಕ್ಷಿ ಒಂದೇ, ಸ್ಟೇಷನ್ ಡೈರಿಯ ಆ ನಲವತ್ತು ನಿಮಿಷ. ಅದು ಸುಳ್ಳು ಅಂತ ಹೇಳಬಲ್ಲವನು ಅದನ್ನು ಬರೆದವನು ಮಾತ್ರ. ಹೇಳಿದರೆ ಅವನೂ ತಪ್ಪಿತಸ್ಥ. ಆಗಸ್ಟ್‌ನಲ್ಲಿ ಡಾನ್ಸ್ ಬಾರ್ ನಿಷೇಧ ಬರುತ್ತಿದೆ, ಬಾರ್ ಮುಚ್ಚಿದರೆ ಹುಡುಗಿಯರು, ಮಾಣಿಗಳು, ಅಡಿಗೆಯವರು ಎಲ್ಲ ದಿಕ್ಕಾಪಾಲು. ಬೇರೆ ಸಾಕ್ಷಿಗಳು ಸಿಗುವುದಿಲ್ಲ. ಸಮಯವೂ ಮುಗಿಯುತ್ತಿದೆ. ಈ ನಿಷೇಧ ಮೊದಲ ಕರಡಿನಲ್ಲಿ ಹಿನ್ನೆಲೆಯ ಟಿವಿ ಸುದ್ದಿಯಾಗಿ ಇತ್ತು ಅಷ್ಟೇ.

ಕೊನೆಗೆ ಬಂದಾಗ ಮತ್ತೆ ವಾದ. ಗುಂಡಿನ ಕಾಳಗ ಬೇಡ ಅನ್ನುವುದರಲ್ಲಿ ಎಲ್ಲರೂ ಒಂದೇ. ನಾಯಕ ಸಾಯಲಿ ಅಂದಳು ಒಬ್ಬಳು. ಸೀನಿಯರ್ ತಪ್ಪಿಸಿಕೊಳ್ಳಲಿ ಅಂದ ಇನ್ನೊಬ್ಬ. ನನಗೆ ಕಾನೂನಿನಲ್ಲೇ ಒಂದು ದೃಶ್ಯ ಕಂಡಿತ್ತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಆಗಬೇಕು, ಆಗಿನ ಸಿಆರ್‌ಪಿಸಿಯ 164ನೇ ಕಲಂ. ಬರೆದುಕೊಳ್ಳುವ ಮೊದಲು ಮ್ಯಾಜಿಸ್ಟ್ರೇಟ್ ಎಚ್ಚರಿಸಲೇಬೇಕು: ನೀನು ಇದನ್ನು ಹೇಳಲೇಬೇಕು ಅಂತೇನಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸಬಹುದು. ಆರೋಪಿಗಳನ್ನು ಮ್ಯಾಜಿಸ್ಟ್ರೇಟ್ ಮುಂದೆ ತಂದು ನಿಲ್ಲಿಸಬೇಕಾದ ಪೊಲೀಸನೊಬ್ಬ ಈಗ ತಾನೇ ಆ ಎಚ್ಚರಿಕೆ ಕೇಳಿಸಿಕೊಂಡು ನಿಂತಿದ್ದಾನೆ. ಚಿತ್ರದ ಕೊನೆಯ ಮಾತು ಮ್ಯಾಜಿಸ್ಟ್ರೇಟ್‌ದು. ನಾಯಕ ಬಾಯಿ ತೆರೆಯುವಾಗ ಕಟ್.

ಗೆಳೆಯನಿಗೆ ಇದು ಎಷ್ಟು ಹಿಡಿಸಿತು ಅಂದರೆ, ಇದನ್ನೇ ಮೊದಲ ದೃಶ್ಯ ಮಾಡಿ ಇಡೀ ಚಿತ್ರವನ್ನು ಫ್ಲಾಶ್‌ಬ್ಯಾಕ್ ಆಗಿ ಹೇಳೋಣ ಅಂದ. ಹಳೆಯ ನುವಾರ್ ಚಿತ್ರಗಳಲ್ಲಿ (ಹಾಲಿವುಡ್‌ನ ಕತ್ತಲು ತುಂಬಿದ ಅಪರಾಧದ ಚಿತ್ರಗಳು) ತಪ್ಪು ಮಾಡಿದವನೇ ಕೂತು ಕಥೆ ಹೇಳುತ್ತಾನಲ್ಲ, ಹಾಗೆ. ಒಂದು ವಾರ ಅದನ್ನೂ ಮಾಡಿ ನೋಡಿದೆವು. ಸೊಗಸಾಗಿತ್ತು, ಆದರೆ ಸತ್ತುಹೋಯಿತು. ನಮ್ಮ ಕೊನೆಯ ಅರ್ಧ ಗಂಟೆ ಪೂರ್ತಿ ನಿಂತಿರುವುದು ಇವನು ಹೇಳುತ್ತಾನಾ ಇಲ್ಲವಾ ಅನ್ನುವುದರ ಮೇಲೆ. ಮೊದಲೇ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದರೆ ಉತ್ತರ ಕೊಟ್ಟ ಹಾಗೇ ಆಯಿತು. ಸೀನಿಯರ್ ಗುಟ್ಟನ್ನು ಬೇಗ ಬಿಟ್ಟುಕೊಟ್ಟದ್ದು ಈ ಒಂದು ಪ್ರಶ್ನೆಯನ್ನು ಕೊನೆವರೆಗೆ ಉಳಿಸಿಕೊಳ್ಳಲಿಕ್ಕೆ.

ಕಳೆದುಕೊಂಡದ್ದೂ ಇದೆ. ಪ್ರೇಮದ ಎಳೆ ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ. ರೈಲ್ವೆ ಪೊಲೀಸ್ ಮತ್ತು ಸಿಟಿ ಪೊಲೀಸ್ ನಡುವೆ ಹೆಣ ಯಾರ ಸರಹದ್ದಿನದು ಅನ್ನುವ ಏಳು ದೃಶ್ಯ ಹೋಯಿತು, ಅದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಳಿಯ ಮೇಲೆ ಬಿದ್ದವನು ಒಬ್ಬರಿಗೆ, ನಾಲ್ಕು ಹೆಜ್ಜೆ ಆಚೆ ಬಿದ್ದರೆ ಇನ್ನೊಬ್ಬರಿಗೆ. ಈಗ ಉಳಿದಿರುವುದು 51 ದೃಶ್ಯ, 102 ಪುಟ.

ಎರಡನೇ ಓದು ಹೋದ ತಿಂಗಳು ಆಯಿತು. ಅದೇ ಕೋಣೆ, ಅದೇ ಆರು ಜನ. ಹೊಸ ಎಣಿಕೆಯಲ್ಲಿ ಪುಸ್ತಕ ಒಪ್ಪಿಸುವ ದೃಶ್ಯ 28. ನಾಯಕ ಚೀಲದಿಂದ ಕೆಂಪು ಪುಸ್ತಕ ತೆಗೆಯುತ್ತಾನೆ ಅಂತ ಗೆಳೆಯ ಓದಿದ. ಕ್ಯಾಷಿಯರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಕೊಡಬೇಡ್ವೋ ಅವನಿಗೆ," ಅಂದರು. ಜೋರಾಗಿಯೇ ಅಂದರು. ಗೆಳೆಯ ಒಂದು ನಿಮಿಷ ಓದು ನಿಲ್ಲಿಸಬೇಕಾಯಿತು.

ಜೀಪ್ ಡ್ರೈವರ್ ವಿಷಯ ಇನ್ನೂ ಬಗೆಹರಿದಿಲ್ಲ. ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಮೇಲೆ ಅವನಿಗೆ ಒಂದೂ ದೃಶ್ಯ ಇಲ್ಲ. ಇಷ್ಟು ಗೊತ್ತಿರುವವನು ಎರಡು ತಿಂಗಳು ಸುಮ್ಮನೆ ಜೀಪ್ ಓಡಿಸುತ್ತಾನಾ, ಓಡಿಸಿದರೆ ಯಾಕೆ? ಬರುವ ಭಾನುವಾರ ಅದಕ್ಕೇ ಕೂರುತ್ತಿದ್ದೇವೆ.